ವೈಕಲ್ಯ: ಪದದ ಅರ್ಥ, ಮೂಲ ಮತ್ತು ಬಳಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಮಾಹಿತಿಪತ್ರಗಳನ್ನೂ ಸರಕಾರಿ ಅರ್ಜಿಗಳ ಸೂಚನೆಗಳನ್ನೂ ಕನ್ನಡಕ್ಕೆ ತರುವವರಿಗೆ ‘ವೈಕಲ್ಯ’ ಎಂಬ ಪದದ ಜೊತೆ ದಿನನಿತ್ಯದ ಒಡನಾಟ. ಮಂಗಳೂರು, ಉಡುಪಿ, ಪುತ್ತೂರುಗಳ ಶಿಕ್ಷಕರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಪತ್ರಕರ್ತರು, ಮಕ್ಕಳ ಹೆತ್ತವರು ಮಾತಿನಲ್ಲಿ ಮತ್ತು ಪತ್ರಗಳಲ್ಲಿ ಈ ಪದದ ಬಗ್ಗೆ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ಸರಳವಾದವು ಮೊದಲು ಬಂದಿವೆ. ವ್ಯಾಕರಣಕ್ಕೂ ಶಾಸ್ತ್ರಕ್ಕೂ ಸೇರಿದವು ಕೊನೆಯಲ್ಲಿವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಪದದ ಪರಿಚಯ

ವೈಕಲ್ಯ ಅಂದರೆ ಅಂಗ ಇಲ್ಲದಿರುವುದೋ, ಅಥವಾ ಇದ್ದೂ ಕೆಲಸ ಮಾಡದಿರುವುದೋ?

ಎರಡೂ ಹೌದು. ಒಂದು ಭಾಗವಾಗಲಿ ಒಂದು ಸಾಮರ್ಥ್ಯವಾಗಲಿ ಇರಬೇಕಾದಷ್ಟು ಇಲ್ಲದಿರುವ ಸ್ಥಿತಿಯೇ ವೈಕಲ್ಯ. ಅಪಘಾತದಲ್ಲಿ ಬೆರಳು ಕಳೆದುಕೊಂಡವರಲ್ಲಿ ಭಾಗವೇ ಇಲ್ಲ. ಪೋಲಿಯೊ ತಗಲಿದವರಲ್ಲಿ ಕಾಲು ಇದೆ, ಅದರ ಬಲ ಕಡಿಮೆಯಾಗಿದೆ. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸ್ರವಿಸದವರಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗಿನ ಕೆಲಸ ಮಾತ್ರ ಕುಂದಿದೆ. ಈ ಮೂರಕ್ಕೂ ಕನ್ನಡ ಒಂದೇ ಪದವನ್ನು ಬಳಸುತ್ತದೆ.

ಆದ್ದರಿಂದಲೇ ಈ ಪದ ಒಂಟಿಯಾಗಿ ನಿಂತಾಗ ಅರ್ಥ ಪೂರ್ತಿಯಾಗುವುದಿಲ್ಲ. ಶ್ರವಣವೈಕಲ್ಯ, ಅಂಗವೈಕಲ್ಯ, ಚಿತ್ತವೈಕಲ್ಯ, ಕಾರ್ಯವೈಕಲ್ಯ ಎಂದು ಅದರ ಹಿಂದೆ ಇನ್ನೊಂದು ಪದ ಇರಲೇಬೇಕು. ‘ವೈಕಲ್ಯ’ ಎಂದು ಬರೆಯುವ ಪ್ರತಿ ಸಲವೂ ‘ಯಾವುದರ ವೈಕಲ್ಯ?’ ಎಂದು ಕೇಳಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಪ್ರಶ್ನೆಯನ್ನು ಬಿಟ್ಟುಬಿಟ್ಟರೆ ಒಂದು ಅಂಗಕ್ಕೆ ಸೇರಿದ ಮಾತು ಇಡೀ ಮನುಷ್ಯನಿಗೆ ಅಂಟಿಕೊಳ್ಳುತ್ತದೆ.

ಇದು ಕನ್ನಡದ್ದೇ ಪದವೇ? ಎಲ್ಲಿಂದ ಬಂತು?

ಸಂಸ್ಕೃತದಿಂದ ಬಂದ ತತ್ಸಮ ಪದ ಇದು. ಮೂಲದಲ್ಲಿರುವುದು ‘ಕಲಾ’; ಅದರ ಹಳೆಯ ಅರ್ಥಗಳಲ್ಲೊಂದು ‘ಅಂಶ’ ಅಥವಾ ‘ತುಣುಕು’, ಅದರಲ್ಲೂ ಹದಿನಾರನೆಯ ಒಂದು ಪಾಲು. ಚಂದ್ರನಿಗೆ 16 ಕಲೆಗಳು ಎನ್ನುವುದು ಈ ಅರ್ಥದಲ್ಲೇ. ಎಲ್ಲ ಕಲೆಗಳೂ ಕೂಡಿರುವುದು ‘ಸಕಲ’. ಒಂದು ಕಲೆ ಬಿಟ್ಟುಹೋಗಿರುವುದು ‘ವಿಕಲ’. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಸಕಲ’ಕ್ಕೆ ಇದು ನೇರ ವಿರುದ್ಧ ಪದ. ‘ವಿಕಲ’ವಾಗಿರುವ ಸ್ಥಿತಿಗೆ ‘ವೈಕಲ್ಯ’ ಎಂದು ಹೆಸರು.

ಸಂಸ್ಕೃತದಲ್ಲಿ ‘ವಿಕಲ’ಕ್ಕೆ ಇನ್ನೊಂದು ಛಾಯೆಯೂ ಇದೆ: ಭಯದಿಂದಲೋ ದುಃಖದಿಂದಲೋ ಕಂಗೆಟ್ಟ, ನೆಲೆ ತಪ್ಪಿದ ಎಂಬ ಅರ್ಥ. ‘ಚಿತ್ತವೈಕಲ್ಯ’ದಲ್ಲಿ ಆ ಛಾಯೆ ಇನ್ನೂ ಉಳಿದಿದೆ. ಹಳಗನ್ನಡದಲ್ಲಿ ‘ಸಕಲ’ವು ‘ಸಕಳ’ ಆಗುವಂತೆ ‘ವಿಕಲ’ವೂ ‘ವಿಕಳ’ ಆಗುತ್ತದೆ. ಸಂಸ್ಕೃತದ ಲಕಾರ ಹೀಗೆ ಳಕಾರವಾಗುವುದನ್ನು ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ‘ಕ್ಷಳ’ ಎಂದು ಕರೆದಿದ್ದಾನೆ. ಪದಗಳ ಬೇರು ಹುಡುಕುವ ಆಸಕ್ತಿ ಇರುವ ನಮ್ಮೂರಿನ ವಿದ್ಯಾರ್ಥಿಗಳು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲೇ ಅಚ್ಚಾದ ಕಿಟೆಲ್ ನಿಘಂಟಿನಿಂದ ಆರಂಭಿಸಿದರೆ ಒಳ್ಳೆಯದು.

ಪೇಪರಿನಲ್ಲಿ ‘ಅಂಗವೈಕಲ್ಯತೆ’ ಅಂತ ಬರುತ್ತದಲ್ಲ, ಅದು ಸರಿಯೇ?

ಸರಿಯಲ್ಲ. ‘ವಿಕಲ’ ಗುಣವಾಚಕ. ಅದಕ್ಕೆ ‘ಯ’ ಎಂಬ ಭಾವಪ್ರತ್ಯಯ ಸೇರಿ, ಮೊದಲ ಸ್ವರಕ್ಕೆ ವೃದ್ಧಿಯಾಗಿ, ‘ವಿ’ ಇದ್ದದ್ದು ‘ವೈ’ ಆಗಿ ‘ವೈಕಲ್ಯ’ ಸಿದ್ಧಿಸಿದೆ. ವಿವಿಧ–ವೈವಿಧ್ಯ, ವಿಷಮ–ವೈಷಮ್ಯ, ವಿಶಾಲ–ವೈಶಾಲ್ಯ, ಸುಂದರ–ಸೌಂದರ್ಯ, ಚಪಲ–ಚಾಪಲ್ಯ, ಇವೆಲ್ಲ ಅದೇ ಅಚ್ಚಿನವು. ಭಾವವನ್ನು ಹೇಳುವ ಪ್ರತ್ಯಯ ಒಮ್ಮೆ ಬಂದ ಮೇಲೆ ಅದೇ ಕೆಲಸಕ್ಕೆ ‘ತೆ’ಯನ್ನು ಮತ್ತೆ ತರಬೇಕಾಗಿಲ್ಲ. ‘ವಿಕಲತೆ’ ಎನ್ನಬಹುದು, ‘ವೈಕಲ್ಯ’ ಎನ್ನಬಹುದು, ‘ವೈಕಲ್ಯತೆ’ ಬೇಡ. ಹಾಗೆಯೇ ವ್ಯಕ್ತಿಗಳನ್ನು ಹೇಳುವಾಗ ‘ಅಂಗವೈಕಲ್ಯರು’ ಎಂದು ಬರೆಯುವುದೂ ತಪ್ಪು, ಏಕೆಂದರೆ ವೈಕಲ್ಯ ಸ್ಥಿತಿಯ ಹೆಸರು, ವ್ಯಕ್ತಿಯ ಹೆಸರಲ್ಲ. ‘ಅಂಗವೈಕಲ್ಯ ಇರುವವರು’ ಎಂದು ಬಿಡಿಸಿ ಬರೆದರೆ ವ್ಯಾಕರಣವೂ ಉಳಿಯುತ್ತದೆ, ಗೌರವವೂ ಉಳಿಯುತ್ತದೆ.

ವೈಕಲ್ಯ, ವೈಫಲ್ಯ ಎರಡೂ ಒಂದೇ ಅಲ್ಲವೇ ಮಾರಾಯ್ರೆ? ಒಂದು ಅಕ್ಷರದ ವ್ಯತ್ಯಾಸ ಅಷ್ಟೆ.

ಆ ಒಂದು ಅಕ್ಷರ ಆಸ್ಪತ್ರೆಯಲ್ಲಿ ಬಹಳ ದೊಡ್ಡದು. ‘ವಿಕಲ’ದಲ್ಲಿರುವುದು ‘ಕಲಾ’, ಅಂದರೆ ಅಂಶ, ‘ವಿಫಲ’ದಲ್ಲಿರುವುದು ‘ಫಲ’. ಅಂಶ ಕುಂದಿದರೆ ವೈಕಲ್ಯ, ಫಲವೇ ದೊರೆಯದಿದ್ದರೆ ವೈಫಲ್ಯ. ಅಡಿಕೆ ತೋಟದ ಪಂಪು ಮೊದಲಿಗಿಂತ ಕಡಿಮೆ ನೀರೆತ್ತುತ್ತಿದೆ, ಆದರೂ ಗಿಡಗಳಿಗೆ ಸಾಲುತ್ತಿದೆ ಎಂದಾದರೆ ಅದು ವೈಕಲ್ಯ. ಪಂಪು ತಿರುಗುತ್ತಿದ್ದರೂ ಮೇಲಿನ ತಟ್ಟಿಗೆ ನೀರು ಮುಟ್ಟುತ್ತಿಲ್ಲ ಎಂದಾದರೆ ಅದು ವೈಫಲ್ಯ.

‘ಹೃದಯ ವೈಫಲ್ಯ’ ಎಂದರೆ ಹೃದಯ ನಿಂತುಹೋಯಿತು ಎಂದು ಮನೆಯವರು ತಿಳಿಯುವುದುಂಟು. ಹೃದಯ ನಿಲ್ಲುವುದಕ್ಕೆ ‘ಹೃದಯ ಸ್ತಂಭನ’ ಎಂಬ ಬೇರೆ ಪದವಿದೆ. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯುವಿಗೆ ಹಾನಿಯಾಗುವುದು ‘ಹೃದಯಾಘಾತ’. ಹೃದಯ ವೈಫಲ್ಯ ಇವೆರಡೂ ಅಲ್ಲ: ದೇಹಕ್ಕೆ ಬೇಕಾದಷ್ಟು ರಕ್ತವನ್ನು ಹೃದಯ ಪೂರೈಸಲಾರದ ಸ್ಥಿತಿ ಅದು. ಆ ಸ್ಥಿತಿಯಲ್ಲಿರುವ ಅನೇಕರು ಔಷಧಿ ತೆಗೆದುಕೊಂಡು ವರ್ಷಗಟ್ಟಲೆ ಬದುಕುತ್ತಾರೆ. ಈ ನಾಲ್ಕು ಪದಗಳನ್ನು ಬೆರೆಸದೆ ಬಳಸುವುದು ಶೈಲಿಯ ಪ್ರಶ್ನೆಯಲ್ಲ. ಐಸಿಯು ಹೊರಗೆ ಕುಳಿತ ಮಗಳು ಏನನ್ನು ಕೇಳಿಸಿಕೊಂಡು ಮನೆಗೆ ಫೋನ್ ಮಾಡುತ್ತಾಳೆ ಎಂಬುದರ ಪ್ರಶ್ನೆ.

ಪಂಚಾಂಗದಲ್ಲಿ ‘ಕಲಾ, ವಿಕಲಾ’ ಅಂತ ಇರುತ್ತದೆ. ಆ ವಿಕಲಾ ಇದೇ ಪದವೇ?

ಬೇರು ಒಂದೇ, ಅರ್ಥ ಬೇರೆ. ಗ್ರಹಸ್ಫುಟವನ್ನು, ಅಂದರೆ ಗ್ರಹ ಇರುವ ಸ್ಥಾನವನ್ನು, ಹೇಳುವಾಗ ಒಂದು ಭಾಗೆಗೆ (ಡಿಗ್ರಿಗೆ) 60 ಕಲಾ, ಒಂದು ಕಲಾಕ್ಕೆ 60 ವಿಕಲಾ, ಅಂದರೆ ಒಂದು ಭಾಗೆಗೆ 3600 ವಿಕಲಾ. ಇಲ್ಲಿ ‘ವಿ’ ಎಂಬುದು ಮತ್ತಷ್ಟು ಸಣ್ಣದಾಗಿ ವಿಂಗಡಿಸಿದ್ದನ್ನು ಹೇಳುತ್ತದೆಯೇ ಹೊರತು ಇಲ್ಲದಿರುವುದನ್ನಲ್ಲ.

## ಆಸ್ಪತ್ರೆ ಮತ್ತು ಕಚೇರಿಯಲ್ಲಿ

ತಂದೆಯವರ ಎಕೋ ರಿಪೋರ್ಟಿನಲ್ಲಿ ‘ಗ್ರೇಡ್ ಒನ್ ಡಯಾಸ್ಟೊಲಿಕ್ ಡಿಸ್‌ಫಂಕ್ಷನ್’ ಅಂತ ಬರೆದಿದ್ದಾರೆ. ಹೃದಯ ಕೆಟ್ಟಿದೆ ಅಂತಲೇ?

ಈ ಪ್ರಶ್ನೆ ನನ್ನ ಬಳಿಗೆ ಬಂದಷ್ಟು ಸಲ ಬೇರೆ ಯಾವುದೂ ಬಂದಿಲ್ಲ. ಹೃದಯದ ಎಡ ಹೃತ್ಕುಕ್ಷಿ ಕುಗ್ಗಿ ರಕ್ತವನ್ನು ಹೊರದೂಡಿದ ಮೇಲೆ ಸಡಿಲಗೊಂಡು ಮತ್ತೆ ತುಂಬಿಕೊಳ್ಳಬೇಕು. ಆ ಸಡಿಲಗೊಳ್ಳುವ ಹಂತಕ್ಕೆ ಡಯಾಸ್ಟೊಲಿ ಎಂದು ಹೆಸರು. ಸಡಿಲಗೊಳ್ಳುವುದು ತುಸು ನಿಧಾನವಾಗಿದೆ ಎಂಬುದಷ್ಟೇ ಮೊದಲನೆಯ ಗ್ರೇಡಿನ ತಾತ್ಪರ್ಯ. ವಯಸ್ಸಾದಂತೆ, ಮತ್ತು ಬಹುಕಾಲದಿಂದ ರಕ್ತದೊತ್ತಡ ಇರುವವರಲ್ಲಿ, ಇದು ಸಾಮಾನ್ಯವಾಗಿ ಕಾಣಿಸುತ್ತದೆ. ಇದು ತಾನಾಗಿ ಹೃದಯ ವೈಫಲ್ಯವಲ್ಲ. ಹಾಗೆಂದು ವರದಿಯನ್ನು ಮಡಚಿ ಇಟ್ಟುಬಿಡುವಂತೆಯೂ ಇಲ್ಲ. ಬಿಪಿ, ಸಕ್ಕರೆ ಹತೋಟಿಯಲ್ಲಿವೆಯೇ, ನಡೆಯುವಾಗ ಏದುಸಿರು ಬರುತ್ತದೆಯೇ ಎಂಬುದನ್ನು ವೈದ್ಯರ ಬಳಿ ಮಾತನಾಡಲೇಬೇಕು.

ಕನ್ನಡದಲ್ಲಿ ಇದನ್ನು ‘ಹೃದಯ ಸಡಿಲಗೊಳ್ಳುವ ಕ್ರಿಯೆಯಲ್ಲಿ ಮೊದಲ ಹಂತದ ಕಾರ್ಯವೈಕಲ್ಯ’ ಎಂದು ಬರೆಯಬಹುದು. ಉದ್ದವಾಯಿತು, ನಿಜ. ಆದರೆ ‘ಹೃದಯ ದೋಷ’ ಎಂದು ಎರಡೇ ಪದಗಳಲ್ಲಿ ಮುಗಿಸಿದ ಚೀಟಿ ಮನೆಯವರ ನಿದ್ದೆಗೆಡಿಸುತ್ತದೆ. ಎಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಎಂಬ ಮೂರನ್ನೂ ಹೇಳುವ ಉದ್ದದ ವಾಕ್ಯವೇ ಇಲ್ಲಿ ಮೇಲು.

ಡಿಸ್‌ಫಂಕ್ಷನ್‌ನ ‘ಡಿಸ್’, ಡಿಸೆಬಿಲಿಟಿಯ ‘ಡಿಸ್’ ಎರಡೂ ಒಂದೇ ಇರಬೇಕಲ್ಲವೇ?

ಕನ್ನಡ ಲಿಪಿಯಲ್ಲಿ ಒಂದೇ ರೀತಿ ಕಾಣುವುದರಿಂದ ಹಾಗನ್ನಿಸುತ್ತದೆ. ಮೂಲದಲ್ಲಿ ಅವು ಬೇರೆ ಬೇರೆ. ಡಿಸೆಬಿಲಿಟಿಯಲ್ಲಿರುವುದು ಲ್ಯಾಟಿನ್ ಉಪಸರ್ಗ. ಬೇರ್ಪಡುವುದು, ಇಲ್ಲವಾಗುವುದು ಅದರ ಅರ್ಥ. ಡಿಸ್‌ಫಂಕ್ಷನ್, ಡಿಸ್ಲೆಕ್ಸಿಯಾ, ನಮ್ಮೂರ ಮಳೆಗಾಲದಲ್ಲಿ ಎಲ್ಲರ ಬಾಯಲ್ಲೂ ಇರುವ ಡಿಸೆಂಟ್ರಿ, ಇವುಗಳಲ್ಲಿರುವುದು ಗ್ರೀಕ್ ಉಪಸರ್ಗ. ಕೆಟ್ಟ, ಕಷ್ಟದ ಎಂಬುದು ಅದರ ಅರ್ಥ. ಡಿಸೆಂಟ್ರಿ ಎಂದರೆ ಅಕ್ಷರಶಃ ಕರುಳು ಕೆಟ್ಟಿರುವುದು. ಈ ಗ್ರೀಕ್ ಉಪಸರ್ಗವೂ ಸಂಸ್ಕೃತದ ‘ದುಸ್’ ಉಪಸರ್ಗವೂ ಒಂದೇ ಪ್ರಾಚೀನ ಮೂಲದಿಂದ ಬಂದ ಸೋದರ ರೂಪಗಳು. ‘ದುರ್ಬಲ’, ‘ದುರ್ಗಮ’, ‘ದುಷ್ಕರ’ಗಳಲ್ಲಿ ನಾವು ಕಾಣುವುದು ಅದನ್ನೇ.

‘ಫಂಕ್ಷನ್’ ಮಾತ್ರ ಲ್ಯಾಟಿನ್. ಕರ್ತವ್ಯವನ್ನು ನೆರವೇರಿಸುವುದು ಅದರ ಮೂಲಾರ್ಥ. ಅಂಗ ತನ್ನ ಕೆಲಸವನ್ನು ನೆರವೇರಿಸುವುದೂ ಫಂಕ್ಷನ್, ಮನೆಯಲ್ಲಿ ಮದುವೆ ನೆರವೇರಿಸುವುದೂ ಫಂಕ್ಷನ್. ಕನ್ನಡಕ್ಕೆ ಬಂದದ್ದು ಹೆಚ್ಚಾಗಿ ಎರಡನೆಯ ಅರ್ಥ. ಹಾಗಾಗಿ ಹಿರಿಯರ ಎದುರು ‘ಕಿಡ್ನಿ ಫಂಕ್ಷನ್ ಟೆಸ್ಟ್’ ಎನ್ನುವಾಗ ‘ಮೂತ್ರಪಿಂಡ ಕೆಲಸ ಮಾಡುವ ಬಗೆಯ ಪರೀಕ್ಷೆ’ ಎಂದು ಒಂದು ಸಲ ಬಿಡಿಸಿ ಹೇಳುವುದು ಅಗತ್ಯ.

ಹಾಗಾದರೆ ಡಿಸ್‌ಫಂಕ್ಷನ್‌ಗೆ ‘ದುಷ್ಕ್ರಿಯೆ’ ಎಂದೇ ಹೇಳಬಹುದಲ್ಲ?

ವ್ಯುತ್ಪತ್ತಿಯಿಂದ ಹೊಂದುತ್ತದೆ, ಬಳಕೆಯಲ್ಲಿ ಹೊಂದುವುದಿಲ್ಲ. ದುಷ್ಟ, ದುಷ್ಕೃತ್ಯ, ದುಷ್ಕರ್ಮಿ ಎಂಬ ಪದಗಳ ಸಾಲಿನಲ್ಲಿ ‘ದುಷ್ಕ್ರಿಯೆ’ ಕನ್ನಡ ಕಿವಿಗೆ ಪಾಪಕಾರ್ಯವಾಗಿ ಕೇಳಿಸುತ್ತದೆ. ಯಕೃತ್ತು ಪಾಪ ಮಾಡಿಲ್ಲ. ‘ಅಪಕ್ರಿಯೆ’ ಎಂಬ ಪ್ರಯೋಗದಲ್ಲೂ ‘ಅಪಕಾರ’ದ ಸದ್ದಿದೆ. ‘ಕಾರ್ಯವೈಕಲ್ಯ’ ಅಥವಾ ‘ಕ್ರಿಯಾವೈಕಲ್ಯ’ದಲ್ಲಿ ತಪ್ಪು ಹೊರಿಸುವ ಧ್ವನಿ ಇಲ್ಲ, ಕುಂದಿದ್ದೇನೋ ಅದನ್ನಷ್ಟೇ ಹೇಳುತ್ತದೆ. ಮಾತಿನಲ್ಲಾದರೆ ‘ಲಿವರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ’ ಎಂಬುದಕ್ಕಿಂತ ಒಳ್ಳೆಯ ಕನ್ನಡ ಬೇಕಾಗಿಲ್ಲ.

ಪ್ರಮಾಣಪತ್ರದಲ್ಲಿ ಶೇ. 40 ಎಂದು ಬರೆದಿದ್ದಾರೆ. ನಾನು ನೂರರಲ್ಲಿ ನಲವತ್ತು ಪಾಲು ಅಂಗವಿಕಲ ಅಂತಲೇ?

ಅಲ್ಲ. ಪ್ರಮಾಣಪತ್ರದ ನಮೂನೆಯನ್ನು ಗಮನವಿಟ್ಟು ನೋಡಿ: ಶೇಕಡಾವಾರು ಸಂಖ್ಯೆಯ ಜೊತೆಗೆ ದೇಹದ ಯಾವ ಭಾಗಕ್ಕೆ ಸಂಬಂಧಿಸಿ ಆ ಸಂಖ್ಯೆ ಎಂದು ತುಂಬುವ ಜಾಗ ಇರುತ್ತದೆ. ವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ, ದೃಷ್ಟಿ ಎಷ್ಟಿದೆ ಎಂಬುದನ್ನು ಅಳೆದು ಬಂದ ಅಂಕಿ ಅದು. ವ್ಯಕ್ತಿಯ ಯೋಗ್ಯತೆಗೂ ದುಡಿಯುವ ಶಕ್ತಿಗೂ ಅದನ್ನು ಅನ್ವಯಿಸಿಕೊಳ್ಳುವುದು ಸಲ್ಲದು.

40 ಎಂಬ ಸಂಖ್ಯೆಗೆ ವಿಶೇಷ ಮಹತ್ವ ಬಂದಿರುವುದು ಕಾನೂನಿನಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉದ್ಯೋಗ ಮೀಸಲಾತಿಯಂತಹ ಕೆಲವು ಸವಲತ್ತುಗಳಿಗೆ ಕನಿಷ್ಠ ಶೇ. 40ರ ಮಿತಿಯನ್ನು ಇಟ್ಟಿದ್ದಾರೆ. ಶೇ. 38 ಬಂದವರಿಗೆ ತೊಂದರೆಯೇ ಇಲ್ಲ ಎಂದು ಅದರ ಅರ್ಥವಲ್ಲ. ಪ್ರಮಾಣಪತ್ರ ಕೈಗೆ ಬಂದಾಗ ಹೆಸರು, ಜನ್ಮದಿನಾಂಕಗಳನ್ನು ತಾಳೆ ನೋಡುವಂತೆ ದೇಹದ ಭಾಗವನ್ನು ಸರಿಯಾಗಿ ಬರೆದಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಬಲಗಾಲು, ಎಡಗಾಲು ಅದಲುಬದಲಾದರೆ ಮುಂದಿನ ತಿದ್ದುಪಡಿಗೆ ಅಲೆಯಬೇಕಾಗುತ್ತದೆ.

ನಮ್ಮ ಮಗುವಿಗೆ ಥಲಸೇಮಿಯಾ. ಕೈಕಾಲು ಎಲ್ಲ ಸರಿಯಿದೆ. ಅಂಗವೈಕಲ್ಯ ಪ್ರಮಾಣಪತ್ರ ಕೇಳುವುದು ಸುಳ್ಳು ಹೇಳಿದ ಹಾಗೆ ಆಗುವುದಿಲ್ಲವೇ?

ಖಂಡಿತ ಆಗುವುದಿಲ್ಲ. 1995ರ ಕಾಯ್ದೆಯಲ್ಲಿ 7 ಬಗೆಗಳಷ್ಟೇ ಇದ್ದವು; 2016ರ ಕಾಯ್ದೆಯಲ್ಲಿ 21 ಬಗೆಗಳಿವೆ. ಥಲಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳು, ಆಟಿಸಂ, ನಿರ್ದಿಷ್ಟ ಕಲಿಕಾ ತೊಂದರೆ, ಪಾರ್ಕಿನ್ಸನ್ ಕಾಯಿಲೆ, ಆಸಿಡ್ ದಾಳಿಗೆ ತುತ್ತಾದವರ ಸ್ಥಿತಿ ಇವೆಲ್ಲ ಅದರಲ್ಲಿ ಸೇರಿವೆ. ನಿಮ್ಮ ಮಗುವಿಗೆ ಇದು ಕಾನೂನಿನ ಮೂಲಕ ಬಂದ ಹಕ್ಕು.

ತೊಡಕಿರುವುದು ಪದದಲ್ಲಿ. ‘ಅಂಗ’ ಎಂದ ಕೂಡಲೇ ನಮಗೆ ಕೈಕಾಲು ನೆನಪಾಗುತ್ತವೆ. ಸಂಸ್ಕೃತದಲ್ಲಿ ‘ಅಂಗ’ಕ್ಕೆ ಘಟಕ ಎಂಬ ವಿಶಾಲ ಅರ್ಥವಿದೆ, ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಘಟಕಗಳಿರುವುದಕ್ಕೇ ‘ಪಂಚಾಂಗ’ ಎನ್ನುತ್ತೇವೆ. ಆ ಅರ್ಥದಲ್ಲಿ ರಕ್ತದ ಹಿಮೋಗ್ಲೋಬಿನ್ ಕೂಡ ದೇಹದ ಒಂದು ಅಂಗವೇ. ಆದರೂ ಅರ್ಜಿ ತುಂಬುವ ಪ್ರತಿಯೊಬ್ಬ ತಾಯಿಗೂ ಈ ವಿವರಣೆ ಕೊಡುತ್ತ ಕೂರಲಾಗುವುದಿಲ್ಲ. ಕಾನೂನಿನ ಸಂದರ್ಭದಲ್ಲಿ ‘ಅಂಗ’ವನ್ನು ಬಿಟ್ಟು ‘ವೈಕಲ್ಯ ಪ್ರಮಾಣಪತ್ರ’ ಎಂದಷ್ಟೇ ಬರೆದರೆ ಇಂತಹ ಸಂಕೋಚ ಎಷ್ಟೋ ಕಡಿಮೆಯಾಗುತ್ತದೆ.

ಕಣ್ಣಿನ ಶಿಬಿರದ ಕರಪತ್ರದಲ್ಲಿ ‘ದೃಷ್ಟಿದೋಷ’ ಎಂದು ಬರೆಯಬಹುದೇ?

ಬರೆಯದಿರುವುದು ಒಳ್ಳೆಯದು. ನಮ್ಮ ಕಡೆ ‘ದೃಷ್ಟಿ ತಾಗಿದೆ’ ಎಂದರೆ ಬೇರೆಯೇ ಅರ್ಥ. ಮಗುವಿಗೆ ‘ದೃಷ್ಟಿದೋಷ’ ಎಂದು ಓದಿದ ಅಜ್ಜಿ ಕನ್ನಡಕದ ಅಂಗಡಿಯ ದಾರಿ ಹಿಡಿಯುವ ಮೊದಲು ಉಪ್ಪು ಮೆಣಸು ನಿವಾಳಿಸಲು ಹೊರಡುತ್ತಾರೆ. ‘ದೋಷ’ ಎಂಬ ಪದಕ್ಕೆ ಆಯುರ್ವೇದದಲ್ಲಿ ವಾತ, ಪಿತ್ತ, ಕಫ ಎಂಬ ಪಾರಿಭಾಷಿಕ ಅರ್ಥವಿದೆ, ಜಾತಕದಲ್ಲಿ ಇನ್ನೊಂದು ಅರ್ಥವಿದೆ, ಆಡುಮಾತಿನಲ್ಲಿ ತಪ್ಪು ಎಂಬ ಅರ್ಥವಿದೆ. ‘ಕಣ್ಣು ಮಂಜಾಗುವುದು’, ‘ದೂರದ್ದು ಕಾಣದಿರುವುದು’ ಎಂದು ನೇರವಾಗಿ ಬರೆಯಿರಿ. ಒಂದೇ ಪದದಲ್ಲಿ ಹೇಳಬೇಕಾದಲ್ಲಿ ‘ದೃಷ್ಟಿನ್ಯೂನತೆ’ ಇದೆ. ‘ನ್ಯೂನ’ದ ಒಳಗಿರುವ ‘ಊನ’ಕ್ಕೆ ಕಡಿಮೆ ಎಂಬುದಷ್ಟೇ ಅರ್ಥ. ಇಪ್ಪತ್ತಕ್ಕೆ ಒಂದು ಕಡಿಮೆಯಾದ 19ಕ್ಕೆ ಸಂಸ್ಕೃತದಲ್ಲಿ ‘ಏಕೋನವಿಂಶತಿ’ ಎನ್ನುವುದೂ ಆ ‘ಊನ’ದಿಂದಲೇ.

## ವ್ಯಕ್ತಿಯನ್ನು ಕರೆಯುವಾಗ

ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ: ಇವುಗಳಲ್ಲಿ ಯಾವುದನ್ನು ಬಳಸಬೇಕು?

ಮೊದಲು ಎದುರಿಗಿರುವ ವ್ಯಕ್ತಿಯನ್ನು ಕೇಳಬೇಕು. ಅವರು ಒಪ್ಪುವ ಪದವೇ ಸರಿಯಾದ ಪದ. ಬರವಣಿಗೆಯಲ್ಲಿ ಹಾಗೆ ಕೇಳುವ ಅವಕಾಶ ಇರುವುದಿಲ್ಲವಾದ್ದರಿಂದ ಒಂದೊಂದನ್ನೂ ತೂಗಿ ನೋಡೋಣ.

‘ಅಂಗವಿಕಲ’ ಪದದಲ್ಲಿ ಕೊರತೆ ಎಲ್ಲಿದೆ ಎಂಬುದು ಕಡೇಪಕ್ಷ ಹೇಳಲ್ಪಟ್ಟಿದೆ: ಅಂಗದಲ್ಲಿ. ‘ವಿಕಲಚೇತನ’ ಎಂಬುದು ಇಂದು ಕರ್ನಾಟಕದ ಅಧಿಕೃತ ಪದ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಹೆಸರಿನಲ್ಲೇ ಅದು ಇದೆ. ಅದನ್ನು ತಂದವರ ಉದ್ದೇಶ ಒಳ್ಳೆಯದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಪದವನ್ನು ಬಿಡಿಸಿ ನೋಡಿದರೆ ಅಂಗಕ್ಕಿದ್ದ ವಿಕಲತೆ ಚೇತನಕ್ಕೆ ದಾಟಿದೆ. ಕಾಲಿಗೆ ಬಲ ಸಾಲದ ಒಬ್ಬ ಗುಮಾಸ್ತರ ಚೇತನದಲ್ಲಿ ಯಾವ ಕೊರತೆಯೂ ಇಲ್ಲ. ಈ ಆಕ್ಷೇಪವನ್ನು ಅರ್ಥಮಾಡಿಕೊಂಡವರು ‘ವಿಶೇಷಚೇತನ’ ಎಂದು ತಿದ್ದಿಕೊಂಡರು. ಅದರಲ್ಲಿ ನೋವು ಇಲ್ಲ, ಆದರೆ ವಿಷಯವೂ ಇಲ್ಲ, ಏಕೆಂದರೆ ಏನು ವಿಶೇಷ ಎಂಬುದು ಪದದಿಂದ ತಿಳಿಯುವುದಿಲ್ಲ. ‘ದಿವ್ಯಾಂಗ’ ಪದವನ್ನು ಪ್ರಧಾನಿ ನರೇಂದ್ರ ಮೋದಿಯವರು 2015ರ ಡಿಸೆಂಬರಿನ ಬಾನುಲಿ ಭಾಷಣದಲ್ಲಿ ಸೂಚಿಸಿದ ಮೇಲೆ ಕೇಂದ್ರ ಸರಕಾರದ ಬಳಕೆಗೆ ಬಂತು. ಅದನ್ನು ಪ್ರೀತಿಯಿಂದ ಒಪ್ಪಿಕೊಂಡವರೂ ಇದ್ದಾರೆ. ತಮ್ಮ ಅಂಗದಲ್ಲಿ ದೈವಿಕವಾದದ್ದೇನೂ ಇಲ್ಲ, ತಮಗೆ ಬೇಕಾದದ್ದು ಹಕ್ಕು ಎಂದು ವಿರೋಧಿಸಿದ ಸಂಘಟನೆಗಳೂ ಇವೆ.

ಅರ್ಜಿ, ಆದೇಶಗಳಲ್ಲಿ ಇಲಾಖೆಯ ಪದವನ್ನೇ ಬಳಸಿ. ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಉಳಿದೆಡೆಗಳಲ್ಲಿ ‘ಕಾಲಿನ ವೈಕಲ್ಯ ಇರುವ ಶಿಕ್ಷಕಿ’, ‘ಕಿವಿ ಕೇಳದ ಹುಡುಗ’ ಎಂದು ಇದ್ದದ್ದನ್ನು ಇದ್ದಲ್ಲೇ ಹೇಳಿ. ವರದಿಗೆ ಆ ಮಾಹಿತಿ ಬೇಡವಾಗಿದ್ದರೆ ಹೇಳಲೇಬೇಡಿ. ಬ್ಯಾಂಕ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಹುಡುಗಿಯ ಸುದ್ದಿಯಲ್ಲಿ ಅವಳ ಅಂಕವೇ ಮುಖ್ಯ.

ಕೊಕ್ಕಡದ ಕಡೆಯ ಎಂಡೋಸಲ್ಫಾನ್ ಸಂತ್ರಸ್ತರ ಬಗ್ಗೆ ಬರೆಯುವಾಗ ‘ಹುಟ್ಟು ಅಂಗವಿಕಲರು’ ಎಂದರೆ ಸಾಕಲ್ಲವೇ?

ಸಾಲದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ನಂತರದ ವರ್ಷಗಳಲ್ಲಿ ದಕ್ಷಿಣ ಕನ್ನಡದ ಹಳ್ಳಿಗಳ ಕುಟುಂಬಗಳು ಅನುಭವಿಸಿದ್ದನ್ನು ‘ಹುಟ್ಟು’ ಎಂಬ ಒಂದು ಪದ ವಿಧಿಯ ಲೆಕ್ಕಕ್ಕೆ ಬರೆದುಬಿಡುತ್ತದೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಈ ಕೀಟನಾಶಕದ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. ‘ಸಂತ್ರಸ್ತ’ ಎಂಬ ಪದ ಕಾರಣದ ಕಡೆಗೆ ಕೈ ತೋರಿಸುತ್ತದೆ, ‘ವೈಕಲ್ಯ’ ಎಂಬುದು ಸ್ಥಿತಿಯನ್ನು ಹೇಳುತ್ತದೆ. ಇಲ್ಲಿ ಎರಡೂ ಬೇಕು. ಒಂದಕ್ಕಿಂತ ಹೆಚ್ಚು ಬಗೆಯ ತೊಂದರೆ ಇರುವ ಮಕ್ಕಳಿಗೆ ‘ಬಹುವಿಧ ವೈಕಲ್ಯ’ ಎಂಬ ಮಾತಿದೆ. ಹಾಗೆ ಬರೆದ ಮೇಲೆ ಮಗುವಿಗೆ ಏನು ಮಾಡಲು ಆಗುತ್ತದೆ ಎಂಬುದನ್ನೂ ಒಂದು ವಾಕ್ಯದಲ್ಲಿ ಬರೆಯಿರಿ ಎಂದು ಯುವ ಪತ್ರಕರ್ತರಲ್ಲಿ ನನ್ನ ವಿನಂತಿ.

ಹ್ಯಾಂಡಿಕ್ಯಾಪ್ ಎಂದರೆ ಟೊಪ್ಪಿ ಹಿಡಿದು ಭಿಕ್ಷೆ ಬೇಡುವವನು ಎಂದು ಭಾಷಣದಲ್ಲಿ ಕೇಳಿದೆ. ನಿಜವೇ?

ನಿಜವಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವ ಒಂದು ಆಟವಿತ್ತು. ಮಧ್ಯಸ್ಥನೊಬ್ಬ ಬೆಲೆಯ ವ್ಯತ್ಯಾಸ ಹೇಳುತ್ತಿದ್ದ, ಪಣದ ಹಣವಿದ್ದ ಟೊಪ್ಪಿಗೆಯೊಳಗೆ ಕೈ ಹಾಕುವುದರಿಂದ ಆಟಕ್ಕೆ ಆ ಹೆಸರು ಬಂತು. ಮುಂದೆ ಕುದುರೆ ಪಂದ್ಯದಲ್ಲಿ ಬಲವಾದ ಕುದುರೆಗೆ ಹೆಚ್ಚು ಭಾರ ಹೊರಿಸಿ ಪೈಪೋಟಿಯನ್ನು ಸರಿದೂಗಿಸುವ ಪದ್ಧತಿಗೆ ಈ ಪದ ಸಂದಿತು. ದೇಹದ ತೊಂದರೆಗೆ ಅದನ್ನು ಬಳಸತೊಡಗಿದ್ದು ಬಹಳ ಈಚೆಗೆ. ಭಿಕ್ಷೆಯ ಕಥೆ ಸುಳ್ಳಾದರೂ ಪದ ಇಂದು ಹಳತಾಗಿದೆ. ಅದನ್ನು ಬಿಡಲು ಬೇರೆ ಕಾರಣ ಬೇಕಾಗಿಲ್ಲ.

ತುಳುವಿನಲ್ಲಿ ವೈಕಲ್ಯಕ್ಕೆ ಪದವಿಲ್ಲವೇ?

ಬಿಡಿ ಬಿಡಿಯಾಗಿ ಕುರುಡೆ, ಕೆಪ್ಪೆ, ಮೂಂಗೆ ಎಂಬಂತಹ ಪದಗಳಿವೆ. ಇವು ಇಂದು ಬೈಗುಳಕ್ಕೂ ಬಳಕೆಯಾಗುವುದರಿಂದ ವ್ಯಕ್ತಿಯ ಎದುರು ಆಡುವಂಥವಲ್ಲ. ಆದರೆ ಮರ್ಯಾದೆಯ ತುಳು ಮಾತು ಹೇಗಿದೆ ಗಮನಿಸಿ: ‘ಆರೆಗ್ ಕೆಬಿ ಕೇನುಜಿ’, ‘ಕಣ್ಣ್ ತೋಜುಜಿ’. ಕಿವಿ ಕೇಳುವುದಿಲ್ಲ, ಕಣ್ಣು ಕಾಣುವುದಿಲ್ಲ ಎಂದು ಇಂದ್ರಿಯದ ಕೆಲಸವನ್ನು ಹೇಳಿ ಅಲ್ಲಿಗೆ ನಿಲ್ಲಿಸುತ್ತದೆ. ಸಾಮೂಹಿಕವಾದ ಒಂದು ದೊಡ್ಡ ಪದವಿಲ್ಲದಿರುವುದು ಇಲ್ಲಿ ಒಳ್ಳೆಯದೇ ಆಗಿದೆ ಎಂದು ನನಗೆ ಅನ್ನಿಸುತ್ತದೆ. ಹೆಚ್ಚು ತಿಳಿಯಬೇಕೆನ್ನುವವರಿಗೆ 1886ರ ಮ್ಯಾನರ್ ನಿಘಂಟೂ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ತುಳು ನಿಘಂಟೂ ಇವೆ.

## ವ್ಯಾಕರಣ, ಶಾಸ್ತ್ರ, ಪರಿಭಾಷೆ

‘ಅಂಗವಿಕಲ’ಕ್ಕೂ ‘ವಿಕಲಾಂಗ’ಕ್ಕೂ ವ್ಯತ್ಯಾಸ ಏನು? ಯಾವುದು ಹಳೆಯದು?

‘ವಿಕಲಾಂಗ’ವು ಬಹುವ್ರೀಹಿ: ವಿಕಲವಾದ ಅಂಗ ಯಾರಿಗಿದೆಯೋ ಅವರು. ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶದ ಮನುಷ್ಯವರ್ಗದಲ್ಲೇ ಈ ರೂಪವಿದೆ. ‘ಅಂಗವಿಕಲ’ವು ತೃತೀಯಾ ತತ್ಪುರುಷ: ಅಂಗದಿಂದ ವಿಕಲರಾದವರು. ಇಂತಹ ಸಮಾಸಕ್ಕೆ ಪಾಣಿನಿಯ ಎರಡನೆಯ ಅಧ್ಯಾಯದಲ್ಲಿ ಒಂದು ಸೂತ್ರವಿದೆ. ‘ಊನ’ ಎಂಬ ಅರ್ಥ ಕೊಡುವ ಪದಗಳು ತೃತೀಯಾಂತ ಪದದೊಡನೆ ಸಮಾಸವಾಗುತ್ತವೆ ಎಂದು ಅದು ಹೇಳುತ್ತದೆ. ಪಾಣಿನಿಯ ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಅದಕ್ಕೆ ಕೊಡುವ ಉದಾಹರಣೆಗಳಲ್ಲಿ ‘ಮಾಷೋನ’ ಮತ್ತು ‘ಮಾಷವಿಕಲ’ ಎಂಬವು ಇವೆ. ಮಾಷ ಎಂದರೆ ಉದ್ದಿನ ಕಾಳು. ಆ ಹೆಸರಿನ ಸಣ್ಣ ತೂಕವೂ ಹೌದು. ‘ಮಾಷವಿಕಲ’ ಎಂದರೆ ಒಂದು ಮಾಷದಷ್ಟು ತೂಕ ಕಡಿಮೆಯಾದದ್ದು.

ಈ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ‘ವಿಕಲ’ ಇಲ್ಲಿ ತಕ್ಕಡಿಯ ಪದ. ಎಷ್ಟು ಕಡಿಮೆಯಾಗಿದೆ ಎಂಬ ಅಳತೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಬರುತ್ತದೆ, ಮತ್ತು ಉಳಿದ ಚಿನ್ನ ಚಿನ್ನವೇ ಆಗಿರುತ್ತದೆ. ಇನ್ನೊಂದು ಸೂತ್ರವೂ ಅದೇ ಅಧ್ಯಾಯದಲ್ಲಿದೆ: ಯಾವ ಅಂಗದ ವಿಕಾರದಿಂದ ವ್ಯಕ್ತಿಯನ್ನು ಗುರುತಿಸುತ್ತೇವೋ ಆ ಅಂಗಕ್ಕೆ ತೃತೀಯಾ ವಿಭಕ್ತಿ, ‘ಕಣ್ಣಿನಿಂದ ಕುರುಡ’ ಎಂಬಂತೆ. ಅಂಗದ ಹೆಸರನ್ನು ಬಿಡಬಾರದೆಂಬ ಎಚ್ಚರ ವ್ಯಾಕರಣದಲ್ಲೇ ಇದೆ.

ನಮ್ಮ ಪುರೋಹಿತರು ‘ಅಂಗವೈಕಲ್ಯವಾಯಿತು, ಪ್ರಾಯಶ್ಚಿತ್ತ ಆಗಬೇಕು’ ಎಂದರು. ಯಾರಿಗೆ ಏನಾಯಿತು?

ಯಾರಿಗೂ ಏನೂ ಆಗಿಲ್ಲ. ಉಡುಪಿಯ ರಥಬೀದಿಯ ಸುತ್ತ ಶಾಸ್ತ್ರ ಓದಿದವರ ಮಾತಿನಲ್ಲಿ ಈ ಪದಕ್ಕೆ ಮೀಮಾಂಸೆಯ, ಅಂದರೆ ವೈದಿಕ ಕರ್ಮಗಳನ್ನು ವಿಚಾರಿಸುವ ಶಾಸ್ತ್ರದ, ಅರ್ಥವಿದೆ. ಯಾಗವಾಗಲಿ ಪೂಜೆಯಾಗಲಿ ಒಂದು ಪ್ರಧಾನ ಕರ್ಮ. ಅದಕ್ಕೆ ಸಹಾಯಕವಾದ ಸಣ್ಣ ಕ್ರಿಯೆಗಳು ಅದರ ಅಂಗಗಳು. ಅವುಗಳಲ್ಲೊಂದು ಬಿಟ್ಟುಹೋದರೆ ‘ಅಂಗವೈಕಲ್ಯ’. ಆ ಶಾಸ್ತ್ರದ ಮೂಲಗ್ರಂಥವಾದ ಜೈಮಿನಿ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದರ ಚರ್ಚೆ ಇದೆ: ಫಲ ಬಯಸಿ ಮಾಡುವ ಕಾಮ್ಯಕರ್ಮದಲ್ಲಿ ಎಲ್ಲ ಅಂಗಗಳೂ ಕೂಡಿರಬೇಕು; ಅಗ್ನಿಹೋತ್ರದಂತಹ ನಿತ್ಯಕರ್ಮದಲ್ಲಾದರೋ ಶಕ್ತಿ ಇದ್ದಷ್ಟು ಅಂಗಗಳೊಡನೆ ಪ್ರಧಾನವನ್ನು ನಡೆಸಿದರೂ ಕರ್ಮ ಸಲ್ಲುತ್ತದೆ. ಇದಕ್ಕೆ ಯಥಾಶಕ್ತಿ ನ್ಯಾಯ ಎನ್ನುತ್ತಾರೆ. ಅಂಗ ಕುಂದಿದ ಮಾತ್ರಕ್ಕೆ ಪ್ರಧಾನ ಕೆಡುವುದಿಲ್ಲ ಎಂಬ ಈ ನಿರ್ಣಯವನ್ನು ವೈಕಲ್ಯದ ಬಗ್ಗೆ ಬರೆಯುವ ಎಲ್ಲರೂ ಒಮ್ಮೆ ಓದಬೇಕೆಂದು ಬಯಸುತ್ತೇನೆ.

‘ಇಂಪೇರ್‌ಮೆಂಟ್’, ‘ಡಿಸೆಬಿಲಿಟಿ’ ಎರಡಕ್ಕೂ ವೈಕಲ್ಯ ಎಂದರೆ ಅನುವಾದದಲ್ಲಿ ಗೊಂದಲವಾಗುವುದಿಲ್ಲವೇ?

ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1980ರ ವರ್ಗೀಕರಣದಲ್ಲಿ ದೇಹದ ಮಟ್ಟದ ಕೊರತೆ (ಇಂಪೇರ್‌ಮೆಂಟ್), ಅದರಿಂದ ಮಾಡಲಾಗದ ಕೆಲಸ (ಡಿಸೆಬಿಲಿಟಿ), ಸಮಾಜದಲ್ಲಿ ಎದುರಾಗುವ ಅನನುಕೂಲ ಎಂದು ಮೂರು ಮೆಟ್ಟಿಲುಗಳನ್ನು ಹಾಕಿತ್ತು. 2001ರಲ್ಲಿ ಅದನ್ನು ಬದಲಿಸಿ ದೇಹದ ಕ್ರಿಯೆ ಮತ್ತು ರಚನೆ, ಚಟುವಟಿಕೆ, ಪಾಲ್ಗೊಳ್ಳುವಿಕೆಗಳನ್ನು ಪರಿಸರದ ಜೊತೆ ಸೇರಿಸಿ ನೋಡುವ ಕ್ರಮವನ್ನು ತಂದಿತು. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯೂ (ಭಾರತ ಅದನ್ನು ಸ್ಥಿರೀಕರಿಸಿದ್ದು 2007ರಲ್ಲಿ) ದೇಹದ ಊನಕ್ಕೆ ಹೊರಗಿನ ಅಡೆತಡೆ ಎದುರಾದಾಗಲೇ ಡಿಸೆಬಿಲಿಟಿ ಉಂಟಾಗುತ್ತದೆ ಎನ್ನುತ್ತದೆ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ಸಿಟಿ ಬಸ್ಸಿಗೆ ಕಾಯುವ ಒಬ್ಬ ಊರುಗೋಲಿನ ಪ್ರಯಾಣಿಕರನ್ನು ನೋಡಿ. ಬಸ್ಸಿನ ಮೊದಲ ಮೆಟ್ಟಿಲು ಮೊಣಕಾಲಿನ ಹತ್ತಿರ ಬರುತ್ತದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊರುಗೋಲು. ಎರಡನೆಯ ಕಾಲು ಮೇಲೆ ಬರುವ ಮೊದಲೇ ಕಂಡಕ್ಟರ್ ‘ರೈಟ್’ ಎನ್ನುತ್ತಾರೆ. ಅದೇ ವ್ಯಕ್ತಿ ಇಳಿಜಾರು ದಾರಿ ಇರುವ ಕಚೇರಿಯೊಳಗೆ ಯಾರ ಸಹಾಯವೂ ಇಲ್ಲದೆ ಹೋಗಿ ಕೆಲಸ ಮುಗಿಸಿ ಬರುತ್ತಾರೆ. ಎರಡೂ ಕಡೆ ಕಾಲು ಅದೇ.

ಹಾಗಾಗಿ ಅನುವಾದದಲ್ಲಿ ನಾನು ಅನುಸರಿಸುವ ಕ್ರಮ ಹೀಗಿದೆ: ಇಂಪೇರ್‌ಮೆಂಟ್‌ಗೆ ಅಂಗದ ಹೆಸರಿನೊಡನೆ ‘ಊನ’ ಅಥವಾ ‘ನ್ಯೂನತೆ’, ಡಿಸೆಬಿಲಿಟಿಗೆ ಕಾನೂನಿನಲ್ಲಿ ನೆಲೆಗೊಂಡಿರುವ ‘ವೈಕಲ್ಯ’, ಹೊರಗಿನ ಅಡೆತಡೆಗೆ ‘ಅಡಚಣೆ’. ‘ವೈಕಲ್ಯ’ವನ್ನು ಎರಡನೆಯದಕ್ಕೆ ಮೀಸಲಿಡುವುದಕ್ಕೆ ಪದದ ಬೇರಿನಲ್ಲೇ ಆಧಾರವಿದೆ. ಒಂದು ಕಲೆ ಕಡಿಮೆಯಾಗಿದೆ ಎನ್ನುವ ಪದ ಆ ಕಲೆ ಕಾಲಿನದ್ದೇ ಆಗಿರಬೇಕೆಂದು ಹೇಳುವುದಿಲ್ಲ. ಬಸ್ಸಿಗೆ ಇರಬೇಕಾಗಿದ್ದ ತಗ್ಗಿನ ಮೆಟ್ಟಿಲೂ ಆಗಿರಬಹುದು. ಇದನ್ನು ಒಪ್ಪಿದರೆ ‘ಎಡಗಾಲಿನ ಊನ ಇರುವ ಪ್ರಯಾಣಿಕರಿಗೆ ಬಸ್ಸಿನ ಎತ್ತರದ ಮೆಟ್ಟಿಲು ವೈಕಲ್ಯವನ್ನು ಉಂಟುಮಾಡುತ್ತದೆ’ ಎಂದು ಬರೆಯಬಹುದು. ಸಾರಿಗೆ ಇಲಾಖೆಗೆ ಕೊಡುವ ಮನವಿಯಲ್ಲಿ ಈ ವಾಕ್ಯವನ್ನು ಹಾಗೆಯೇ ಬಳಸಿಕೊಳ್ಳಲು ಅಡ್ಡಿಯಿಲ್ಲ.